ಎರವಲೋ ಕಳವೋ: ‘ಸೈರನ್’ ಎಂಬ ಹಳೆಯ ವಿಡಿಯೊ ಗೇಮಿನಲ್ಲಿ ಇನ್ನೊಬ್ಬರ ಕಣ್ಣು

ನನ್ನ ಧ್ವನಿ ಕೇಳ್ತಾ ಉಂಟು ಅಂತ ಭಾವಿಸ್ತೇನೆ. ಇಲ್ಲಿ ಕಾಸರಗೋಡಿನಲ್ಲಿ ಬೆಳಗ್ಗಿನಿಂದ ಮಳೆ. ಮಧ್ಯೆ ಕರೆಂಟು ಹೋದರೆ ಮೊಬೈಲಿನಿಂದ ಮತ್ತೆ ಸೇರಿಕೊಳ್ತೇನೆ.

ಈ ಸಲದ ವಿಷಯ ನಿರೂಪಣೆ ಮತ್ತು ದೃಷ್ಟಿಕೋನ. ನನಗಿಂತ ಮೊದಲು ಮಾತಾಡಿದವರೆಲ್ಲ ಕಾದಂಬರಿ, ಸಣ್ಣಕತೆಗಳನ್ನು ಎತ್ತಿಕೊಂಡರು. ನಾನು ಎತ್ತಿಕೊಂಡದ್ದು ಒಂದು ವಿಡಿಯೊ ಗೇಮ್. ವಿಷಯ ಹೇಳಿದಾಗ ನಮ್ಮ ಅಧ್ಯಾಪಕರೊಬ್ಬರು ಒಂದೇ ಪ್ರಶ್ನೆ ಕೇಳಿದರು: “ಅದನ್ನು ಓದುವುದು ಹೇಗೆ ಮಾರಾಯ?” ಈ ಪ್ರಬಂಧ ಆ ಪ್ರಶ್ನೆಗೆ ಕೊಡುವ ಉತ್ತರ ಅಂತ ಇಟ್ಟುಕೊಳ್ಳಿ. ಗೇಮುಗಳ ಪರಿಚಯ ಇಲ್ಲದವರಿಗೂ ಅರ್ಥ ಆಗುವ ಹಾಗೆ ಹೇಳಲು ಪ್ರಯತ್ನಿಸ್ತೇನೆ. ಕತೆಯ ಕೊನೆಯನ್ನೂ ಹೇಳಬೇಕಾಗ್ತದೆ, ಅದಕ್ಕೆ ಮೊದಲೇ ಕ್ಷಮೆ ಇರಲಿ.

ಗೇಮಿನ ಹೆಸರು ‘ಸೈರನ್’. 2003ರ ನವೆಂಬರಿನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ಸೋನಿ ಹೊರತಂದದ್ದು. ಮರುವರ್ಷ ಯುರೋಪಿನಲ್ಲಿ ‘ಫರ್ಬಿಡನ್ ಸೈರನ್’ ಎಂಬ ಹೆಸರಿನಲ್ಲಿ ಬಂತು. ನಿರ್ದೇಶಕ ಕೇಯಿಚಿರೊ ಟೊಯಾಮಾ, 1999ರ ‘ಸೈಲೆಂಟ್ ಹಿಲ್’ ನಿರ್ದೇಶಿಸಿದವರು. ಕತೆ ಬರೆದವರು ನಾವೊಕೊ ಸಾಟೊ. ‘ಸರ್ವೈವಲ್ ಹಾರರ್’ ಅಂತ ಒಂದು ಪ್ರಕಾರ ಉಂಟು. ಅಲ್ಲಿ ಆಯುಧ ಕಡಿಮೆ, ಬೆಳಕು ಕಡಿಮೆ. ಗೆಲ್ಲುವುದಕ್ಕಿಂತ ಜೀವ ಉಳಿಸಿಕೊಳ್ಳುವುದೇ ಗುರಿ. ಆ ಪ್ರಕಾರದ ಮಾತು ಬಂದರೆ ‘ರೆಸಿಡೆಂಟ್ ಈವಿಲ್’, ‘ಸೈಲೆಂಟ್ ಹಿಲ್’ ಹೆಸರು ತಾನಾಗಿ ಬರ್ತದೆ. ‘ಸೈರನ್’ ಹೆಸರನ್ನು ಯಾರಾದರೂ ನೆನಪು ಮಾಡಬೇಕಾಗ್ತದೆ. ನಾನು ಈಗ ಮಾಡ್ತಿರುವುದು ಅದನ್ನೇ.

ನನ್ನ ಕೈಗೆ ಇದು ಸಿಕ್ಕಿದ್ದು ಗಲ್ಫಿನಲ್ಲಿದ್ದ ಮಾವ ಊರಿಗೆ ತಂದ ಹಳೆಯ ಪ್ಲೇಸ್ಟೇಷನ್ 2ರ ಜೊತೆಗೆ. ಚೀಲದಲ್ಲಿ ಫುಟ್‌ಬಾಲ್, ಕಾರ್ ರೇಸ್ ಡಿಸ್ಕುಗಳು, ಅವುಗಳ ಅಡಿಯಲ್ಲಿ ಇದೊಂದು. ಮಕ್ಕಳೆಲ್ಲ ಒಂದು ಗಂಟೆ ಆಡಿ ಬಿಟ್ಟೆವು. ಹೆದರಿಕೆಯಿಂದಲ್ಲ, ಏನು ಮಾಡಬೇಕು ಅಂತಲೇ ಗೊತ್ತಾಗದೆ. ಎಂ.ಎ. ಸೇರಿದ ಮೇಲೆ, ದೃಷ್ಟಿಕೋನದ ಪಾಠ ಕೇಳ್ತಾ ಇದ್ದಾಗ, ಅದು ಮತ್ತೆ ನೆನಪಾಯಿತು. ರಜೆಯಲ್ಲಿ ಪೂರ್ತಿ ಆಡಿ ಮುಗಿಸಿದೆ.

ಕತೆ ನಡೆಯುವುದು ಹನುದಾ ಎಂಬ ಕಲ್ಪಿತ ಬೆಟ್ಟದ ಹಳ್ಳಿಯಲ್ಲಿ. ಜಪಾನಿ ಲಿಪಿಯಲ್ಲಿ ಆ ಹೆಸರನ್ನು ಬರೆಯುವ ಅಕ್ಷರಗಳಿಗೆ ಗರಿ, ಹುಟ್ಟು, ಹಾವು ಎಂಬ ಅರ್ಥಗಳು. 1976ರಲ್ಲಿ ಅಲ್ಲಿ ಗುಡ್ಡ ಕುಸಿದಿತ್ತು. 2003ರ ಆಗಸ್ಟ್ ಮೊದಲ ವಾರದ ಒಂದು ಮಧ್ಯರಾತ್ರಿ ಸೈರನ್ ಕೂಗ್ತದೆ, ಭೂಮಿ ನಡುಗ್ತದೆ. ಬೆಳಗಾಗುವಾಗ ಹಳ್ಳಿಯ ಸುತ್ತ ಬೆಟ್ಟಗಳ ಬದಲು ಕೆಂಪು ನೀರಿನ ಸಮುದ್ರ. ಆ ಕೆಂಪು ನೀರು ದೇಹದೊಳಗೆ ಸೇರಿದವರು ಸತ್ತು ಎದ್ದು ‘ಶಿಬಿತೊ’ ಆಗ್ತಾರೆ. ಶಿಬಿತೊ ಅಂದರೆ ಶವ-ಮನುಷ್ಯ. ಹೊಡೆದು ಬೀಳಿಸಿದರೂ ಸ್ವಲ್ಪ ಹೊತ್ತಿಗೆ ಏಳ್ತಾರೆ. ಹೊರಗಿನಿಂದ ಬಂದವರು, ಊರಿನವರು ಸೇರಿ ಹತ್ತು ಮಂದಿಯ ಮೂರು ದಿನಗಳನ್ನು ನಾವು ಆಡಬೇಕು. ಹೈಸ್ಕೂಲ್ ಹುಡುಗ, ಟೀಚರ್, ಹತ್ತು ವರ್ಷದ ಹುಡುಗಿ, ಡಾಕ್ಟರ್, ಅರ್ಚಕ, ಮುದಿ ಬೇಟೆಗಾರ, ಹೀಗೆ. ಕಾಲ ನೇರವಾಗಿ ಹರಿಯುವುದಿಲ್ಲ. ಈಗ ಮೂರನೇ ದಿನದ ಬೆಳಗ್ಗೆ, ಮತ್ತೆ ಮೊದಲ ದಿನದ ರಾತ್ರಿ. ಒಬ್ಬ ಪಾತ್ರ ಬಿಟ್ಟುಹೋದ ವಸ್ತು ಇನ್ನೊಬ್ಬನ ಅಧ್ಯಾಯದಲ್ಲಿ ಉಪಯೋಗಕ್ಕೆ ಬರ್ತದೆ. ಇಷ್ಟೇ ಆಗಿದ್ದರೆ ಬಹುಧ್ವನಿಯ ಕಾದಂಬರಿಯ ತಂತ್ರ ಅಂತ ಹೇಳಿ ಮುಗಿಸಬಹುದಿತ್ತು.

ನನ್ನ ವಾದ ಇರುವುದು ಬೇರೆ ಒಂದು ವಿಷಯದ ಮೇಲೆ. ಈ ಗೇಮಿನಲ್ಲಿ ಒಂದು ಬಟನ್ ಒತ್ತಿ ಹಿಡಿದರೆ ಪರದೆಯ ಮೇಲೆ ಹಳೆಯ ಟಿವಿಯ ಹಾಗೆ ಗರಗರ ಸದ್ದು, ಚುಕ್ಕೆಗಳು. ಜಾಯ್‌ಸ್ಟಿಕ್ಕನ್ನು ರೇಡಿಯೊ ಟ್ಯೂನ್ ಮಾಡುವ ಹಾಗೆ ಮೆಲ್ಲಗೆ ತಿರುಗಿಸಬೇಕು. ಒಂದು ದಿಕ್ಕಿನಲ್ಲಿ ಚಿತ್ರ ಸ್ಪಷ್ಟವಾಗ್ತದೆ. ಅದು ಹತ್ತಿರದಲ್ಲಿರುವ ಒಬ್ಬ ಶಿಬಿತೊನ ಕಣ್ಣಿಗೆ ಕಾಣುವ ಚಿತ್ರ. ಅವನ ಉಸಿರು ಕೇಳ್ತದೆ, ಗೊಣಗಾಟ ಕೇಳ್ತದೆ, ಕೈಯಲ್ಲಿ ಹಿಡಿದ ಸುತ್ತಿಗೆ ಕಾಣ್ತದೆ. ಅವನು ಎಲ್ಲಿದ್ದಾನೆ, ಯಾವ ಕಡೆ ತಿರುಗ್ತಾನೆ ಅಂತ ಅಂದಾಜು ಮಾಡಿ ನಾವು ತಪ್ಪಿಸಿಕೊಂಡು ಹೋಗಬೇಕು.

ಇದಕ್ಕೆ ಜಪಾನಿಯಲ್ಲಿ ‘ಗೆನ್‌ಶಿ’ ಅಂತ ಹೆಸರು. ಎದುರಿಗೆ ಇಲ್ಲದ್ದನ್ನು ಕಾಣುವುದು, ಭ್ರಮೆಯ ದರ್ಶನ ಎಂಬ ಅರ್ಥ. ಅದರಲ್ಲಿ ನೋಡುವವನು ಏನನ್ನೂ ಮಾಡುವುದಿಲ್ಲ, ಅವನಿಗೆ ಕಾಣ್ತದೆ ಅಷ್ಟೆ. ಇಂಗ್ಲಿಷಿಗೆ ತಂದವರು ‘ಸೈಟ್‌ಜ್ಯಾಕ್’ ಅಂತ ಹೊಸ ಪದ ಮಾಡಿದರು, ಹೈಜ್ಯಾಕ್‌ನ ಮಾದರಿಯಲ್ಲಿ. ಅಲ್ಲಿ ನೋಡುವವನು ಅಪಹರಣಕಾರ. ಒಂದೇ ಬಟನ್, ಎರಡು ಭಾಷೆಯಲ್ಲಿ ಎರಡು ನೀತಿ. ಅನುವಾದದ ತರಗತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಪ್ರಬಂಧ ಬರೆಯಲು ಕೂತಾಗ ನನಗೂ ಒಂದು ಕನ್ನಡ ಪದ ಬೇಕಾಯಿತು. ಮೊದಲ ಕರಡಿನಲ್ಲಿ ‘ಎರವಲು ನೋಟ’ ಅಂತ ಬರೆದೆ. ಕೇಳಲು ಚೆನ್ನಾಗಿತ್ತು. ಹತ್ತು ಪುಟ ಬರೆದ ಮೇಲೆ ಅನುಮಾನ ಶುರುವಾಯಿತು. ಎರವಲು ಅಂದರೆ ಕೇಳಿ ತಗೊಂಡದ್ದು, ವಾಪಸು ಕೊಡುವಂಥದ್ದು. ಇಲ್ಲಿ ಯಾರು ಯಾರನ್ನು ಕೇಳಿದರು? ಈ ಪ್ರಶ್ನೆಯನ್ನು ಹಿಡಿದುಕೊಂಡು ಗೇಮಿನ ನಾಲ್ಕು ಸಂಗತಿಗಳನ್ನು ನೋಡೋಣ.

ಮೊದಲನೆಯದು, ನೋಟಕ್ಕೆ ಕೊಡಬೇಕಾದ ಬೆಲೆ. ಇನ್ನೊಬ್ಬರ ಕಣ್ಣಿನಲ್ಲಿ ನೋಡುವಾಗ ನಮ್ಮ ಪಾತ್ರ ಅಲ್ಲಾಡುವ ಹಾಗಿಲ್ಲ. ನಮ್ಮ ಪರದೆ ಪೂರ್ತಿ ಅವನದ್ದಾಗಿರ್ತದೆ. ನಮ್ಮ ದೇಹ ಎಲ್ಲೋ ಕತ್ತಲೆಯಲ್ಲಿ ಕಾವಲಿಲ್ಲದೆ ನಿಂತಿರ್ತದೆ. ಬೇರೆಯವರನ್ನು ಕಾಣಬೇಕಾದರೆ ಅಷ್ಟು ಹೊತ್ತು ನಮ್ಮನ್ನು ನಾವು ಕಾಣದೆ ಇರಬೇಕು. ಗೇಮಿನಲ್ಲಿ ಊರಿನ ನಕ್ಷೆ ಕೊಡ್ತಾರೆ, ಆದರೆ ಅದರಲ್ಲಿ ‘ನೀನು ಇಲ್ಲಿದ್ದೀಯ’ ಎಂಬ ಗುರುತು ಇಲ್ಲ. ಬಾವಿ, ಕವಲುದಾರಿ, ಚಿಹ್ನೆಗಳನ್ನು ನೋಡಿ ನಾವೇ ಊಹಿಸಬೇಕು. ಆದ್ದರಿಂದ ನಾನು ಎಲ್ಲಿದ್ದೇನೆ ಅಂತ ಖಚಿತವಾಗಿ ಗೊತ್ತಾಗುವ ಒಂದು ಸಂದರ್ಭ ಯಾವುದು ಗೊತ್ತುಂಟಾ? ಶತ್ರುವಿನ ಕಣ್ಣಿನಲ್ಲಿ ನೋಡ್ತಾ ಇರುವಾಗ, ಆ ನೋಟದ ಚೌಕಟ್ಟಿನೊಳಗೆ ಪೊದೆಯ ಹಿಂದೆ ಕೂತ ಒಬ್ಬ ಹುಡುಗ ಕಾಣಿಸ್ತಾನೆ. ಅದು ನಾನು. ಹಾರರ್ ಅಂದರೆ ಕಾಣದ್ದರ ಭಯ ಅಂತ ನಾವು ಸಾಮಾನ್ಯವಾಗಿ ಹೇಳ್ತೇವೆ. ಇಲ್ಲಿ ಭಯ ಹುಟ್ಟುವುದು ಕಂಡಾಗ, ಅದೂ ನನ್ನನ್ನೇ ಇನ್ನೊಬ್ಬರ ಕಣ್ಣಿನಲ್ಲಿ ಕಂಡಾಗ.

ಎರಡನೆಯದು, ಆ ಕಣ್ಣುಗಳು ಏನನ್ನು ನೋಡ್ತಾ ಇರ್ತವೆ ಎಂಬುದು. ಶಿಬಿತೊಗಳು ಯಾವಾಗಲೂ ನಮ್ಮನ್ನು ಹುಡುಕ್ತಾ ಇರ್ತಾರೆ ಅಂತ ನಾವು ಅಂದುಕೊಂಡಿರ್ತೇವೆ. ಕಣ್ಣಿಗೆ ಹೊಕ್ಕು ನೋಡಿದರೆ ಒಬ್ಬ ಹೊಲ ಅಗೀತಾ ಇದ್ದಾನೆ, ಇನ್ನೊಬ್ಬ ಹಲಗೆಗೆ ಮೊಳೆ ಹೊಡೀತಾ ಇದ್ದಾನೆ, ಒಬ್ಬಳು ಅಡುಗೆಮನೆಯಲ್ಲಿದ್ದಾಳೆ. ಸತ್ತ ಮೇಲೂ ಅವರು ಊರಿನ ದಿನಚರಿಯನ್ನು ಬಿಟ್ಟಿಲ್ಲ. ಮುಖಗಳಿಗೆ ನಿಜವಾದ ನಟನಟಿಯರ ಮುಖದ ಚಿತ್ರಗಳನ್ನೇ ಬಳಸಿದ್ದಾರೆ. ಹಾಗಾಗಿ ಅವರು ರಾಕ್ಷಸರ ಹಾಗೆ ಕಾಣುವುದಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಕಂಡ ಯಾರೋ ಪರಿಚಯದವರ ಹಾಗೆ ಕಾಣ್ತಾರೆ. ಅವರ ದಿನಚರಿಯ ನಡುವೆ ನುಗ್ಗಿದವರು ನಾವು. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಬಟನ್ ಒತ್ತಿದವರಿಗೆ ಮಾತ್ರ ಗೊತ್ತಾಗ್ತದೆ. ‘ಓದುವುದು ಹೇಗೆ’ ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಸಿಕ್ಕಿತು. ಈ ಕೃತಿಯ ಅರ್ಥ ಸಂಭಾಷಣೆಯಲ್ಲಿ ಇಲ್ಲ, ಆಡುವವನ ಕೈಯಿಂದ ಅದು ಮಾಡಿಸುವ ಕೆಲಸದಲ್ಲಿ ಉಂಟು.

ಮೂರನೆಯದು ತೊಮೊಕೊ ಮಯೇದಾ ಎಂಬ ಹದಿನಾಲ್ಕು ವರ್ಷದ ಹುಡುಗಿಯ ಕತೆ. ಅಪ್ಪ ಅಮ್ಮ ತನ್ನ ಡೈರಿ ಓದಿದರು ಅಂತ ಸಿಟ್ಟು ಮಾಡಿಕೊಂಡು ಮನೆ ಬಿಟ್ಟವಳು ಅವಳು. ಆ ರಾತ್ರಿಯೇ ಅನಾಹುತ. ಅಪ್ಪ ಅಮ್ಮನನ್ನು ಹುಡುಕಿಕೊಂಡು ಅಲೆದು ಕೊನೆಗೆ ಅವರು ಅಡಗಿರುವ ಚರ್ಚಿನ ಕಿಟಕಿಯ ಹತ್ತಿರ ಬರ್ತಾಳೆ. ಸಿಕ್ಕಿದರಲ್ಲಾ ಅಂತ ನಗ್ತಾಳೆ. ಒಳಗಿರುವವರು ಕಿರಿಚಿಕೊಳ್ತಾರೆ. ಅಷ್ಟರಲ್ಲಿ ಅವಳು ಶಿಬಿತೊ ಆಗಿದ್ದಾಳೆ, ಅವಳ ಕಣ್ಣಿಂದ ರಕ್ತ ಸುರೀತಾ ಉಂಟು. ಅವಳಿಗೆ ಅದು ಗೊತ್ತಿಲ್ಲ. ಇಡೀ ಗೇಮಿನಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸಿದ ದೃಶ್ಯ ಇದು. ಇಲ್ಲಿ ಯಾರೂ ಯಾರ ಮೇಲೂ ದಾಳಿ ಮಾಡುವುದಿಲ್ಲ. ಕತೆ ಶುರುವಾದದ್ದೇ ಒಂದು ಕದ್ದ ನೋಟದಿಂದ, ಡೈರಿಯಿಂದ. ಅದು ಮುಗಿಯುವುದು ಕಿಟಕಿಯ ಎರಡು ಕಡೆಯ ನೋಟಗಳು ಒಂದಕ್ಕೊಂದು ಸೇರದೆ ಇರುವಲ್ಲಿ. ಮಗಳು ಅಪ್ಪ ಅಮ್ಮನನ್ನು ಕಾಣ್ತಾಳೆ, ಅಪ್ಪ ಅಮ್ಮ ದೆವ್ವವನ್ನು ಕಾಣ್ತಾರೆ.

ನಾಲ್ಕನೆಯದು ನಮಗೆ ಹತ್ತಿರದ್ದು. ತಾಮೊನ್ ತಕೆವುಚಿ ಎಂಬ ಪಾತ್ರ ಜಾನಪದದ ಅಧ್ಯಾಪಕ. ಊರಿನ ಗುಟ್ಟಿನ ಪೂಜೆಗಳ ಬಗ್ಗೆ ಸಂಶೋಧನೆ ಮಾಡಲು ಬಂದವನು. ಜೊತೆಗೆ ಒಬ್ಬಳು ವಿದ್ಯಾರ್ಥಿನಿ, ಯೊರಿಕೊ. ಆದರೆ ಅವನು ಹೊರಗಿನವನಲ್ಲ. 1976ರ ಕುಸಿತದಲ್ಲಿ ಅಪ್ಪ ಅಮ್ಮನನ್ನು ಕಳಕೊಂಡ ಆ ಊರಿನದೇ ಹುಡುಗ. ಅಧ್ಯಯನದ ಹೆಸರಿನಲ್ಲಿ ಮನೆಗೆ ವಾಪಸು ಬಂದವನು. ಟಿಪ್ಪಣಿ, ವಿಗ್ರಹ, ವಂಶಾವಳಿ ಎಲ್ಲವನ್ನೂ ಕಲೆ ಹಾಕ್ತಾನೆ. ಆಡುವ ನಮಗೂ ಹಾಗೇ ನೂರು ದಾಖಲೆಗಳನ್ನು ಕಲೆ ಹಾಕುವ ಕೆಲಸ ಕೊಟ್ಟಿದ್ದಾರೆ. ಆದರೆ ಕೊನೆಗೆ ಅವನಿಗೆ ಬೇಕಿದ್ದದ್ದು ಜ್ಞಾನ ಅಲ್ಲ, ಅಪ್ಪ ಅಮ್ಮ. ಅವರು ಶಿಬಿತೊಗಳಾಗಿ ಎದುರಾದಾಗ ವಿದ್ವಾಂಸನ ಕಣ್ಣು ಕೈಬಿಟ್ಟುಹೋಗ್ತದೆ.

ಇನ್ನು ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಒಂದನ್ನು ನಾನೇ ನನಗೆ ಹಾಕಿಕೊಂಡೆ. ಈ ಊರಿನ ಪೂಜೆ, ಮೈಮೇಲೆ ಬಂದ ಹಾಗಿನ ಶಿಬಿತೊಗಳು ಇವನ್ನೆಲ್ಲ ನೋಡಿದಾಗ ‘ಇದು ನಮ್ಮ ಭೂತಾರಾಧನೆಯ ಹಾಗೆಯೇ’ ಅಂತ ಬರೆಯುವ ಆಸೆ ಆಯಿತು. ಸಮುದ್ರದ ನಡುವೆ ತುಂಡಾಗಿ ಉಳಿದ ಊರು ಅಂದಕೂಡಲೇ ಗಡಿನಾಡಿನ ರೂಪಕ ಮಾಡುವ ಆಸೆಯೂ ಆಯಿತು. ಎರಡನ್ನೂ ಬಿಟ್ಟೆ. ದೈವ ನುಡಿ ಕೊಡ್ತದೆ, ಊರಿನವರ ದೂರು ಕೇಳ್ತದೆ. ಅಲ್ಲಿ ಎರಡು ಕಡೆಯಿಂದ ಮಾತುಕತೆ ಉಂಟು. ಹನುದಾದಲ್ಲಿ ಅದು ಇಲ್ಲ. ಈ ಗೇಮಿಗೆ ಅದರದೇ ಬೇರುಗಳಿವೆ. ಕತೆಯ ಸನ್ಯಾಸಿನಿಯ ಹೆಸರು ಹಿಸಾಕೊ ಯಾವೊ. ಮತ್ಸ್ಯಕನ್ಯೆಯ ಮಾಂಸ ತಿಂದು ಎಂಟುನೂರು ವರ್ಷ ಬದುಕಿದ ಹೆಂಗಸಿನ ಐತಿಹ್ಯ ಜಪಾನಿನಲ್ಲಿ ಉಂಟು, ಯಾವೊ ಬಿಕುನಿ ಅಂತ. ಹನುದಾದ ಕತೆಯಲ್ಲಿ ಬರಗಾಲದಲ್ಲಿ ಆಕಾಶದಿಂದ ಬಿದ್ದ ದೇವರ ಮಾಂಸ ತಿಂದವರ ಪಾಪ ತಲೆತಲಾಂತರಕ್ಕೆ ಅಂಟಿಕೊಂಡಿದೆ. ಊರಿನ ಧರ್ಮಕ್ಕೆ ಚರ್ಚಿನಂಥ ಕಟ್ಟಡ ಉಂಟು. 1614ರ ನಿಷೇಧದ ನಂತರ ಗುಟ್ಟಾಗಿ ಉಳಿದುಬಂದ ಜಪಾನಿ ಕ್ರೈಸ್ತರ ನೆರಳು ಅದರಲ್ಲಿ ನನಗೆ ಕಾಣ್ತದೆ. ಇದೆಲ್ಲವನ್ನೂ ಅಳಿಸಿ ‘ನಮ್ಮದರ ಹಾಗೆ’ ಅಂದರೆ ನಾನೂ ಒಂದು ಸೈಟ್‌ಜ್ಯಾಕ್ ಮಾಡಿದ ಹಾಗೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಹಳ್ಳಿ ಅಂದರೆ ಗುಟ್ಟು, ಬಲಿ, ಮೂಢನಂಬಿಕೆ. ಪೇಟೆಯಿಂದ ಬಂದವನು ಸ್ವಚ್ಛ. ಈ ಸಿದ್ಧಮಾದರಿಯನ್ನೇ ಗೇಮ್ ಬಳಸ್ತದಲ್ಲ? ಹೌದು, ಬಳಸ್ತದೆ. ಜಪಾನಿನಲ್ಲಿ 1999ರಿಂದ 2010ರ ನಡುವೆ ಊರುಗಳನ್ನು ಒಂದಕ್ಕೊಂದು ಸೇರಿಸಿ ಸ್ಥಳೀಯಾಡಳಿತಗಳ ಸಂಖ್ಯೆ 3,232ರಿಂದ 1,727ಕ್ಕೆ ಇಳಿಯಿತು. ಎಷ್ಟೋ ಹಳ್ಳಿಗಳ ಹೆಸರು ಅಧಿಕೃತ ಪಟ್ಟಿಯಿಂದ ಹೋದ ಕಾಲ ಅದು. ಅಂಥ ಕಾಲದಲ್ಲಿ ಹಳ್ಳಿಯನ್ನು ದೆವ್ವದ ಮನೆ ಮಾಡುವುದು ಸುಲಭದ ದಾರಿ. ಆದರೂ ಕೊನೆಯನ್ನು ನೋಡಿ. ಕ್ಯೋಯಾ ಸುದಾ ಎಂಬ ಹದಿನಾರರ ಹುಡುಗ ಈ ಊರಿನಲ್ಲಿ ಹಿಂದೆ ಒಂದು ಹತ್ಯಾಕಾಂಡ ನಡೆದಿತ್ತು ಅಂತ ಇಂಟರ್ನೆಟ್ಟಿನಲ್ಲಿ ಓದಿ, ಕುತೂಹಲಕ್ಕೆ ಸೈಕಲ್ ಹತ್ತಿ ಬಂದವನು. ಕೊನೆಯ ದೃಶ್ಯಗಳಲ್ಲಿ ಅವನೇ ಆಯುಧ ಹಿಡಿದು ಶಿಬಿತೊಗಳನ್ನು ಒಬ್ಬೊಬ್ಬರನ್ನಾಗಿ ಕಡಿಯುತ್ತಾ ಹೋಗ್ತಾನೆ. ಅಷ್ಟು ಹೊತ್ತಿಗೆ ನಾವು ಆ ಹೊಲದವನ, ಆ ಅಡುಗೆಮನೆಯವಳ ಕಣ್ಣಿನಲ್ಲಿ ಎಷ್ಟೋ ಗಂಟೆ ಕಳೆದಿದ್ದೇವೆ. ಆ ಕಣ್ಣುಗಳಿಗೆ ಈ ಹುಡುಗ ಹೇಗೆ ಕಾಣ್ತಾನೆ ಅಂತ ನಮಗೆ ಗೊತ್ತುಂಟು. ಗೆದ್ದೆವು ಅಂತ ಖುಷಿ ಪಡಲು ಆಗುವುದಿಲ್ಲ. ಜೀವಂತವಾಗಿ ಹೊರಗೆ ಬರುವುದು ಹಾರುಮಿ ಎಂಬ ಹತ್ತು ವರ್ಷದ ಹುಡುಗಿ ಒಬ್ಬಳೇ. ಯಾರಿಗೂ ಹೊಡೆಯಲಾಗದೆ, ಇಡೀ ಗೇಮಿನಲ್ಲಿ ಬರೀ ಅಡಗಿ, ನೋಡಿ, ಕೇಳಿ ಉಳಿದವಳು.

ದೋಷಗಳನ್ನು ಮುಚ್ಚಿಡುವುದಿಲ್ಲ. ಗೇಮ್ ಅನಗತ್ಯವಾಗಿ ಕಷ್ಟ. ಒದ್ದೆ ಬಟ್ಟೆಯನ್ನು ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಬೇಕು ಎಂಬಂಥ ಒಗಟುಗಳು ಯಾರ ತಲೆಗೂ ತಾನಾಗಿ ಹೊಳೆಯುವಂಥವಲ್ಲ. ಇಂಗ್ಲಿಷ್ ಆವೃತ್ತಿಯಲ್ಲಿ ಜಪಾನಿ ಹಳ್ಳಿಯವರೆಲ್ಲ ಬ್ರಿಟಿಷ್ ಉಚ್ಚಾರದಲ್ಲಿ ಮಾತಾಡ್ತಾರೆ. ಮುಖ ಒಂದು ಕಡೆ, ದನಿ ಇನ್ನೊಂದು ಕಡೆ. ಜನ ಇದನ್ನು ಬಿಟ್ಟದ್ದಕ್ಕೆ ಕಾರಣಗಳಿದ್ದವು.

2008ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಇದೇ ಕತೆಯನ್ನು ಹೊಸದಾಗಿ ಮಾಡಿದರು, ‘ಸೈರನ್: ಬ್ಲಡ್ ಕರ್ಸ್’ ಅಂತ. ಹಳ್ಳಿಗೆ ಬರುವವರು ಈಗ ಅಮೆರಿಕದ ಟಿವಿ ತಂಡ. ದಾರಿ ಸುಲಭ, ಕತೆ ಹನ್ನೆರಡು ಕಂತು. ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಪರದೆಯದ್ದು. ಅದನ್ನು ಭಾಗ ಮಾಡಿ, ಒಂದು ಕಡೆ ಶಿಬಿತೊನ ನೋಟ, ಇನ್ನೊಂದು ಕಡೆ ನಮ್ಮ ಪಾತ್ರ. ನೋಡ್ತಾ ನಡೆಯಬಹುದು. ಆಡಲು ಇದೇ ಸುಖ, ಒಪ್ತೇನೆ. ಆದರೆ ಮೂಲದಲ್ಲಿದ್ದ ಬೆಲೆ ಹೋಯಿತು. ಇನ್ನೊಬ್ಬರ ಕಣ್ಣು ಪರದೆಯ ಮೂಲೆಯ ಸಿಸಿಟಿವಿ ಆಯಿತು. ನಿಲ್ಲಬೇಕಾಗಿಲ್ಲ, ಕಳಕೊಳ್ಳಬೇಕಾಗಿಲ್ಲ. 2003ರ ಒರಟು ಗೇಮ್ ದೊಡ್ಡದು ಅಂತ ನಾನು ಹೇಳುವುದು ಈ ಒಂದು ಕಾರಣಕ್ಕೆ.

ಕೊನೆಯದಾಗಿ ನನ್ನದೇ ಒಂದು ತಪ್ಪನ್ನು ಹೇಳಿ ಮುಗಿಸ್ತೇನೆ. ಕಿರುಪ್ರಬಂಧಕ್ಕೆ ನಮ್ಮ ನೆರೆಮನೆಯ ಅಜ್ಜಿಯೊಬ್ಬರ ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆ. ಈ ಗೇಮ್ ಮುಗಿಸಿದ ವಾರ ಆ ರೆಕಾರ್ಡಿಂಗನ್ನು ಮತ್ತೆ ಹಾಕಿದೆ. ಹಾಡಿನ ನಡುವೆ ನನ್ನದೇ ದನಿ ಕೇಳಿತು: “ಅಜ್ಜಿ, ಕನ್ನಡದಲ್ಲೇ ಹೇಳಿ.” ಒಂದಲ್ಲ, ಮೂರು ಸಲ. ಅವರ ಹಾಡು ಕನ್ನಡದಲ್ಲಿ ಶುರುವಾಗಿ ತುಳುವಿಗೆ ಹೊರಳಿ, ಒಂದೆರಡು ಮಲಯಾಳ ಮಾತು ಹಿಡಿದು ವಾಪಸು ಬರುವಂಥದ್ದು. ಕನ್ನಡ ವಿಭಾಗಕ್ಕೆ ಕೊಡುವ ಪ್ರಬಂಧಕ್ಕೆ ನನಗೆ ಕನ್ನಡ ಮಾತ್ರ ಬೇಕಿತ್ತು. ಮೂರನೇ ಸಲ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳ್ತಾರೆ: “ನಂಗೆ ಬರುದು ಹೀಗೇ ಮಗಾ. ನಿಂಗೆ ಬೇಕಾದ್ದನ್ನ ನೀನೇ ಬರ್ಕೋ.” ಹೊರಗಿನವರು ನಮ್ಮ ಊರನ್ನು ನಮ್ಮ ಕಣ್ಣಿನಲ್ಲಿ ನೋಡುವುದಿಲ್ಲ ಅಂತ ಭಾಷಣ ಮಾಡುವವನು ನಾನು. ಅವರ ಬಾಯಿಂದ ಹಾಡು ತಗೊಂಡೆ, ನನ್ನ ಕಿವಿಗೆ ಬೇಕಾದಷ್ಟನ್ನೇ. ಅದು ಎರವಲಲ್ಲ. ಆದ್ದರಿಂದ ಈ ಪ್ರಬಂಧದ ಅಂತಿಮ ಪ್ರತಿಯಲ್ಲಿ ‘ಎರವಲು ನೋಟ’ ಎಂಬುದನ್ನು ಹೊಡೆದುಹಾಕಿ ‘ಕದ್ದ ನೋಟ’ ಅಂತ ತಿದ್ದಿದ್ದೇನೆ.

ಚರ್ಚೆಯ ಭಾಗದಿಂದ:

ಒಬ್ಬ ಅಧ್ಯಾಪಕರು ಕೇಳಿದ್ದು: ನೋಡುವುದೆಲ್ಲ ಕಳವು ಅಂತಾದರೆ ಕ್ಷೇತ್ರಕಾರ್ಯವನ್ನೇ ಬಿಡಬೇಕಾಗ್ತದಲ್ಲ? ಸಾಹಿತ್ಯವೂ ಇನ್ನೊಬ್ಬರ ಕಣ್ಣಿನಲ್ಲಿ ನೋಡುವುದೇ ತಾನೇ?

ನನ್ನ ಉತ್ತರ: ಬಿಡಬೇಕು ಅಂತ ಅಲ್ಲ ಸರ್. ಆ ಬಟನ್ ಒತ್ತದೆ ಈ ಗೇಮನ್ನು ಮುಗಿಸಲು ಆಗುವುದಿಲ್ಲ. ಹಾರುಮಿಯೂ ನೋಡಿಯೇ ಬದುಕಿದವಳು. ನೋಡುವಾಗ ನಿಲ್ಲಬೇಕು, ಮತ್ತು ಆ ನೋಟದಲ್ಲಿ ನಾನೂ ಕಾಣಿಸಿದರೆ ಅದನ್ನು ಕತ್ತರಿಸಿ ತೆಗೆಯಬಾರದು, ಇಷ್ಟೇ ನಾನು ಹೇಳುವುದು. ಅಜ್ಜಿಯ ಹತ್ತಿರ ಮತ್ತೆ ಹೋಗಿದ್ದೆ. ಮೊದಲ ದಿನ ಮೊಬೈಲು ತೆಗೆಯಲಿಲ್ಲ. ಎರಡನೇ ಸಲ ಅವರೇ “ಇವತ್ತು ತೆಗೀಬಹುದು” ಅಂದರು. ಹಾಡು ಈಗ ಮೂರು ಭಾಷೆಯಲ್ಲಿ ಪೂರ್ತಿ ಉಂಟು. ಅನುಬಂಧದಲ್ಲಿ ಹಳೆಯ ಪಠ್ಯವನ್ನೂ ಉಳಿಸಿದ್ದೇನೆ, ನಾನು ಅಡ್ಡ ಬಾಯಿ ಹಾಕಿದ ಆ ಮೂರು ಸಾಲುಗಳ ಸಮೇತ.